ಸರಕಿಗೆ ಮುಕ್ತಿ, ತಾಯಿಗೆ ದಂಡ

ಶಾಸನಕರ್ತರೊಬ್ಬರ ಅಭಿಪ್ರಾಯಗಳನ್ನು ವಿಷಯವಾರು ವಿಂಗಡಿಸಿ, ಮಕ್ಕಳ ದತ್ತುಸ್ವೀಕಾರದ ಬಗೆಗೆ ಅವರು ಹೀಗೆಂದರು, ವಾಣಿಜ್ಯದ ಬಗೆಗೆ ಹೀಗೆಂದರು, ನಿರುದ್ಯೋಗದ ಬಗೆಗೆ ಹೀಗೆಂದರು ಎಂದು ಪಟ್ಟಿಮಾಡಿ, ಮೊದಲನೆಯದರಲ್ಲಿ ಅವರ ಅಂತಃಕರಣವನ್ನೂ ಎರಡನೆಯದರಲ್ಲಿ ಅವರ ಅರ್ಥಶಾಸ್ತ್ರಜ್ಞಾನವನ್ನೂ ಮೂರನೆಯದರಲ್ಲಿ ಅವರ ನಿಷ್ಠುರತೆಯನ್ನೂ ಕಂಡು ಮೆಚ್ಚುವುದೋ ಹಳಿಯುವುದೋ ರಾಜಕೀಯ ವಿಮರ್ಶೆಯಲ್ಲಿ ರೂಢಿಯಾಗಿಬಿಟ್ಟಿದೆ. ಈ ಕ್ರಮದಿಂದ ಒಂದು ಅನರ್ಥವುಂಟು. ಒಂದೇ ಮೂಲದಿಂದ ಹೊರಟ ಮೂರು ವಿಧಿಗಳು ಪರಸ್ಪರ ಸಂಬಂಧವಿಲ್ಲದ ಮೂರು ಬಿಡಿ ಅಭಿಪ್ರಾಯಗಳಂತೆ ತೋರಿ, ಒಂದರ ಫಲವನ್ನು ಇನ್ನೊಂದರ ಎದುರಿಗಿಟ್ಟು ಪರೀಕ್ಷಿಸುವ ಅವಕಾಶವೇ ಓದುಗನಿಗೆ ತಪ್ಪಿಹೋಗುತ್ತದೆ. ಹಾಗೆ ಎದುರಿಗಿಟ್ಟು ನೋಡಿದರೆ ಕಾಣುವುದೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ಅಮೆರಿಕ ಸಂಯುಕ್ತಸಂಸ್ಥಾನದ ನ್ಯೂಟ್ ಗಿಂಗ್ರಿಚ್ ಅವರನ್ನು ತೆಗೆದುಕೊಳ್ಳೋಣ. 1979ರಿಂದ ಇಪ್ಪತ್ತು ವರ್ಷಕಾಲ ಜಾರ್ಜಿಯ ರಾಜ್ಯದಿಂದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದು, 1995ರಿಂದ ನಾಲ್ಕು ವರ್ಷ ಆ ಸಭೆಯ ಅಧ್ಯಕ್ಷಪೀಠವನ್ನಲಂಕರಿಸಿದ್ದ ಈ ಮಹಾಶಯರು ಇತಿಹಾಸದ ಅಧ್ಯಾಪಕರಾಗಿದ್ದವರು, ವಾಕ್ಚತುರರು, ನಲವತ್ತು ವರ್ಷಗಳಿಂದ ರಿಪಬ್ಲಿಕನ್ ಪಕ್ಷಕ್ಕೆ ಆ ಸಭೆಯಲ್ಲಿ ದೊರೆಯದಿದ್ದ ಬಹುಮತವನ್ನು 1994ರ ನವೆಂಬರ್ ಚುನಾವಣೆಯಲ್ಲಿ ದೊರಕಿಸಿಕೊಟ್ಟ ಸೂತ್ರಧಾರರು. ಆ ಚುನಾವಣೆಗೆ ಮುಂಚೆ ಅವರು ಮತದಾರರ ಮುಂದಿಟ್ಟ 'ಅಮೆರಿಕದೊಡನೆ ಒಡಂಬಡಿಕೆ' ಎಂಬ ಪ್ರಣಾಳಿಕೆಯಲ್ಲಿ ಹತ್ತು ಮಸೂದೆಗಳಿದ್ದವು. ಅವುಗಳಲ್ಲೊಂದು, ಮಕ್ಕಳನ್ನು ದತ್ತು ತೆಗೆದುಕೊಳ್ಳುವವರಿಗೆ ತೆರಿಗೆಯ ರಿಯಾಯಿತಿಯನ್ನು ಕೊಡತಕ್ಕದ್ದು. 'ವೈಯಕ್ತಿಕ ಹೊಣೆಗಾರಿಕೆ' ಎಂಬ ಘನವಾದ ಹೆಸರನ್ನು ಹೊತ್ತ ಮತ್ತೊಂದು, ಹದಿನೆಂಟು ತುಂಬದ ಅವಿವಾಹಿತ ತಾಯಂದಿರಿಗೆ ಸಲ್ಲುತ್ತಿದ್ದ ಸರ್ಕಾರದ ಧನಸಹಾಯವನ್ನು ನಿಲ್ಲಿಸಿ, ಅದರಿಂದ ಉಳಿಯುವ ಹಣವನ್ನು ಅನಾಥಾಲಯಗಳಿಗೂ ದತ್ತುಕಾರ್ಯಕ್ಕೂ ವಿನಿಯೋಗಿಸಲು ರಾಜ್ಯಗಳಿಗೆ ಅನುಮತಿ ಕೊಡತಕ್ಕದ್ದು.

ಆ ವರ್ಷದ ಕೊನೆಯ ವಾರಗಳು ನಮ್ಮ ವಿಚಾರಕ್ಕೆ ವಿಶೇಷವಾಗಿ ಉಪಯುಕ್ತವಾದುವು. ನವೆಂಬರ್ 29ರಂದು ಪ್ರತಿನಿಧಿ ಸಭೆಯು ಗ್ಯಾಟ್ ಎಂಬ ಅಂತರರಾಷ್ಟ್ರೀಯ ವಾಣಿಜ್ಯ ಮಾತುಕತೆಯ ಉರುಗ್ವೆ ಸುತ್ತಿನ ಒಪ್ಪಂದಕ್ಕೆ ಗಿಂಗ್ರಿಚ್ ಅವರ ಬೆಂಬಲದೊಡನೆ ಸಮ್ಮತಿಯಿತ್ತಿತು. ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿದ್ದು ಆ ಒಪ್ಪಂದದಿಂದ. ಜವಳಿಯ ಆಮದಿಗೆ ಶ್ರೀಮಂತ ರಾಷ್ಟ್ರಗಳು ವಿಧಿಸಿದ್ದ ಕೋಟಾಗಳು ಹತ್ತು ವರ್ಷಗಳಲ್ಲಿ ರದ್ದಾಗಬೇಕೆಂದು ಗೊತ್ತಾದದ್ದೂ ಅದರಿಂದಲೇ. ಅದೇ ದಿನಗಳಲ್ಲಿ, ಧನಸಹಾಯವನ್ನು ಕಳೆದುಕೊಂಡ ತಾಯಂದಿರ ಮಕ್ಕಳ ಗತಿಯೇನೆಂದು ಕೇಳಿದವರಿಗೆ ಗಿಂಗ್ರಿಚ್ ಅವರು ಅನಾಥಾಲಯಗಳ ಮಹಿಮೆಯನ್ನು ವಿವರಿಸುತ್ತಿದ್ದರು; ಸಂದೇಹಪಟ್ಟವರಿಗೆ, 1938ರಲ್ಲಿ ತೆರೆಕಂಡ 'ಬಾಯ್ಸ್ ಟೌನ್' ಎಂಬ ಚಲನಚಿತ್ರವನ್ನು ಒಮ್ಮೆ ನೋಡಬಾರದೆ ಎಂದು ಸಲಹೆ ಮಾಡುತ್ತಿದ್ದರು. ಬಟ್ಟೆಗೆ ಗಡಿಗಳನ್ನು ತೆರೆಯುವ ಮಾತೂ, ಬಟ್ಟೆಯ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದವಳ ಮಗುವಿಗೆ ಅನಾಥಾಲಯವನ್ನು ತೆರೆಯುವ ಮಾತೂ ಒಂದೇ ತಿಂಗಳಿನಲ್ಲಿ ಒಂದೇ ಬಾಯಿಂದ ಹೊರಟುವು. ಆದರೂ ಅವೆರಡರ ಮಧ್ಯೆ ಸಂಬಂಧವಿರಬಹುದೆಂದು ಅಂದಿನ ಚರ್ಚೆಯಲ್ಲಿ ಬಹುಮಂದಿಗೆ ತೋಚಲಿಲ್ಲ.

ಇದು ಒಬ್ಬ ವ್ಯಕ್ತಿಯ ವಿಪರೀತಬುದ್ಧಿಯಾಗಿದ್ದರೆ ನಾವು ಇಷ್ಟು ಮಸಿಯನ್ನು ವ್ಯಯಮಾಡಬೇಕಾಗಿರಲಿಲ್ಲ. 1993ರ ನವೆಂಬರ್ 17ರಂದು ಮೆಕ್ಸಿಕೋ ಮತ್ತು ಕೆನಡಗಳೊಡನೆ ಮುಕ್ತವಾಣಿಜ್ಯದ ನಾಫ್ಟಾ ಒಪ್ಪಂದವು 234ಕ್ಕೆ 200 ಮತಗಳಿಂದ ಅಂಗೀಕೃತವಾದಾಗ, ಅಧ್ಯಕ್ಷ ಕ್ಲಿಂಟನ್ ಅವರಿಗೆ ಅವರ ಪಕ್ಷದಿಂದ ಬಂದ ಮತಗಳು 102. ಎದುರುಪಕ್ಷದಿಂದ ಗಿಂಗ್ರಿಚ್ ಮೊದಲಾದವರು ಕೂಡಿಸಿಕೊಟ್ಟವು 132. ಪ್ರತಿಯಾಗಿ, ಬಡತಾಯಂದಿರ ಧನಸಹಾಯದ ಹಕ್ಕನ್ನು ರದ್ದುಪಡಿಸಿದ 1996ರ ಶಾಸನಕ್ಕೂ, ಮಕ್ಕಳ ದತ್ತುವನ್ನು ತ್ವರೆಗೊಳಿಸಿದ 1997ರ ಶಾಸನಕ್ಕೂ ಅಂಕಿತ ಹಾಕಿದವರು ಕ್ಲಿಂಟನ್ ಅವರೇ. ಪಕ್ಷಗಳೆರಡೂ ಒಪ್ಪಿದ, ಪತ್ರಿಕೆಗಳು ಪ್ರಶಂಸಿಸಿದ, ವಿದ್ಯಾವಂತರು ಸಾಮಾನ್ಯಜ್ಞಾನವೆಂದೇ ಭಾವಿಸಿದ ಮತವಿದು. ಆದ್ದರಿಂದಲೇ ಖಂಡನಾರ್ಹವಾದದ್ದು.

ಖಂಡಿಸುವ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸುವುದು ನ್ಯಾಯ. ಆ ಪಕ್ಷದವರು ಹೇಳುವುದೇನೆಂದರೆ: ಸರಕುಗಳಿಗೆ ಗಡಿಯ ಅಡ್ಡಿಯಿಲ್ಲದಿದ್ದರೆ ಎಲ್ಲಿ ಅಗ್ಗವಾಗಿ ತಯಾರಾಗುತ್ತದೆಯೋ ಅಲ್ಲಿಂದ ಬಂದು ಬಡವನ ಕೈಗೂ ಎಟುಕುತ್ತವೆ, ಒಂದು ಕೆಲಸ ಹೋದವನಿಗೆ ಇನ್ನೊಂದು ಕೆಲಸ ಕಾಲಕ್ರಮದಲ್ಲಿ ದೊರೆಯುತ್ತದೆ, ದೊರೆಯದೆ ಹೋದರೆ ಅವನ ಶಿಕ್ಷಣದಲ್ಲಿಯೋ ಶೀಲದಲ್ಲಿಯೋ ನ್ಯೂನತೆಯಿರಬೇಕು, ಸರ್ಕಾರವು ಅಂಥವರಿಗೆ ಹಣ ಕೊಡುತ್ತ ಹೋದಷ್ಟೂ ಆ ನ್ಯೂನತೆ ಬೇರೂರುತ್ತದೆ, ಗಂಡನಿಲ್ಲದ ತಾಯಿಗೆ ಸಂಭಾವನೆ ಕೊಟ್ಟರೆ ಗಂಡನಿಲ್ಲದ ತಾಯಂದಿರೇ ಹೆಚ್ಚುತ್ತಾರೆ, ಅಂಥ ಮನೆಯಲ್ಲಿ ಹುಟ್ಟಿದ ಶಿಶುವು ತನ್ನದಲ್ಲದ ತಪ್ಪಿಗೆ ಬಳಲಬಾರದಾದ್ದರಿಂದ, ಮಕ್ಕಳಿಗಾಗಿ ಹಂಬಲಿಸುವ ಸುಸ್ಥಿತಿಯ ದಂಪತಿಗಳ ಮನೆಗೆ ಅದನ್ನು ಸೇರಿಸುವುದೇ ಧರ್ಮ. ಚಾರ್ಲ್ಸ್ ಮರ್ರೆ ಎಂಬ ಲೇಖಕರು 1993ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಈ ವಾದವನ್ನು ಸಂಕೋಚವಿಲ್ಲದೆ ಮಂಡಿಸಿದ್ದರು: ಒಂಟಿ ತಾಯಂದಿರಿಗೆ ಸಕಲ ಆರ್ಥಿಕ ನೆರವನ್ನೂ ನಿಲ್ಲಿಸಬೇಕು, ದತ್ತುವಿನ ವಿಧಿಗಳನ್ನು ಸಡಿಲಿಸಬೇಕು, ಅನಾಥಾಲಯಗಳಿಗೆ ಮಾತ್ರ ಉದಾರವಾಗಿ ವೆಚ್ಚಮಾಡಬೇಕು. ಒಂದು ಪ್ರತಿಜ್ಞೆಯಿಂದ ಇನ್ನೊಂದು ಪ್ರತಿಜ್ಞೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಈ ವಾದದ ಅಂದವನ್ನು ನಾವು ಅಲ್ಲಗಳೆಯೆವು. ಮೆಟ್ಟಿಲುಗಳು ಭದ್ರವೇ ಎಂಬುದಷ್ಟೆ ನಮ್ಮ ಪ್ರಶ್ನೆ.

ಮೊದಲು ದತ್ತುವಿನ ಮಾತು. ಹೆತ್ತವರನ್ನು ಕಳೆದುಕೊಂಡ ಅಥವಾ ಹೆತ್ತವರಿಂದಲೇ ಹಿಂಸೆಗೊಳಗಾದ ಮಗುವಿಗೆ ಇನ್ನೊಂದು ಮನೆಯನ್ನು ಒದಗಿಸುವುದು ಮನುಷ್ಯಮಾತ್ರದವರು ಮಾಡಬಹುದಾದ ಶ್ರೇಷ್ಠ ಕಾರ್ಯಗಳಲ್ಲೊಂದು. ಅಂಥ ಮಗುವನ್ನು ರಕ್ತಸಂಬಂಧದ ಹೆಸರಿನಲ್ಲಿ ಹಿಂಸಕರ ಕೈಯಲ್ಲಿಯೇ ಬಿಡತಕ್ಕದ್ದೆಂದು ವಾದಿಸುವವರೊಡನೆ ನಮಗೆ ಸಖ್ಯವಿಲ್ಲ. ಗಿಂಗ್ರಿಚ್ ಅವರು ಸ್ವತಃ ದತ್ತುಪುತ್ರರು. 1943ರಲ್ಲಿ ಪೆನ್ಸಿಲ್ವೇನಿಯದ ಹ್ಯಾರಿಸ್‌ಬರ್ಗಿನಲ್ಲಿ ಮ್ಯಾಕ್‌ಫರ್ಸನ್ ಎಂಬ ವಂಶನಾಮದೊಡನೆ ಹುಟ್ಟಿದ ಅವರನ್ನು, ಅವರ ತಾಯಿ ಪುನರ್ವಿವಾಹವಾದ ಸೈನ್ಯಾಧಿಕಾರಿಯು ಮಗನಾಗಿ ಸ್ವೀಕರಿಸಿ ತಮ್ಮ ಹೆಸರನ್ನು ಕೊಟ್ಟರು. ಆದರೆ ಆ ದತ್ತುವಿನ ಸ್ವರೂಪವನ್ನು ಗಮನಿಸಬೇಕು. ಅದು ಮಗುವಿಗೆ ತಂದೆಯನ್ನು ಕೂಡಿಸಿತೇ ಹೊರತು ತಾಯಿಯನ್ನು ಕಳೆಯಲಿಲ್ಲ. ಆ ಮನೆಗೆ ತಿಂಗಳು ತಿಂಗಳು ತಪ್ಪದೆ ಬರುತ್ತಿದ್ದದ್ದು ಸರ್ಕಾರದ ವೇತನ. ತಮ್ಮ ಬಾಲ್ಯಕ್ಕೆ ಆಸರೆಯಾದ ತಾಯಿಯ ಸಾನ್ನಿಧ್ಯ, ಸರ್ಕಾರದ ಹಣ ಎಂಬ ಎರಡು ಆಧಾರಗಳನ್ನೂ ಬಡವರ ಮಕ್ಕಳಿಂದ ತೆಗೆಯಬೇಕೆಂಬ ಮಸೂದೆಯನ್ನು ದತ್ತುವಿನ ಹೆಸರಿನಲ್ಲಿಯೇ ತಂದದ್ದು ಸೋಜಿಗ.

ಬಡತನದ ಕಾರಣದಿಂದ ಮಗುವನ್ನು ಮನೆಯಿಂದ ಬಿಡಿಸುವ ಪ್ರಯೋಗವನ್ನು ಅಮೆರಿಕವು ಒಮ್ಮೆ ಮಾಡಿ ನೋಡಿ, ನಾಚಿಕೆಪಟ್ಟು, ಕೈಬಿಟ್ಟಿತ್ತು. 1854ರಿಂದ 1929ರವರೆಗೆ ನ್ಯೂಯಾರ್ಕ್ ಮೊದಲಾದ ಪೂರ್ವದ ನಗರಗಳ ಬಡಕೇರಿಗಳಿಂದ ಸುಮಾರು ಎರಡು ಲಕ್ಷ ಮಕ್ಕಳನ್ನು ರೈಲುಗಾಡಿಗಳಲ್ಲಿ ತುಂಬಿ ಪಶ್ಚಿಮದ ಬೇಸಾಯಗಾರರ ಮನೆಗಳಿಗೆ ಹಂಚಿದರು. 'ಅನಾಥರ ರೈಲು' ಎಂದು ಅವಕ್ಕೆ ಹೆಸರು ಬಿದ್ದಿದ್ದರೂ ಒಳಗಿದ್ದವರಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು, ಕೆಲವರು ಊಟಕ್ಕೆ ದುಡಿಯುವ ಆಳುಗಳಾದರು. 1909ರ ಜನವರಿಯಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಕರೆದ ಸಮ್ಮೇಳನವು, ಕೇವಲ ಬಡತನದ ಕಾರಣಕ್ಕಾಗಿ ಮಗುವನ್ನು ಮನೆಯಿಂದ ಅಗಲಿಸಲಾಗದೆಂಬ ತತ್ತ್ವವನ್ನು ಸಾರಿತು. 1911ರಲ್ಲಿ ಇಲಿನಾಯ್ ರಾಜ್ಯವು ತಾಯಂದಿರಿಗೆ ಮಾಸಾಶನವನ್ನು ಏರ್ಪಡಿಸಿತು; 1935ರ ಸಾಮಾಜಿಕ ಭದ್ರತಾ ಶಾಸನವು ಅದನ್ನು ರಾಷ್ಟ್ರವ್ಯಾಪಿಯಾಗಿಸಿತು. 1996ರಲ್ಲಿ ರದ್ದಾದದ್ದು ಆ ವ್ಯವಸ್ಥೆಯೇ. ನವೀನ ಸುಧಾರಣೆಯೆಂದು ಘೋಷಿತವಾದದ್ದು ವಾಸ್ತವವಾಗಿ 1909ಕ್ಕೆ ಮುಂಚಿನ ಕಾಲಕ್ಕೆ ಹಿಂದಿರುಗುವಿಕೆ. ಇತಿಹಾಸದ ಅಧ್ಯಾಪಕರಿಗೆ ಇದು ತಿಳಿಯದೆ ಇದ್ದೀತೆ?

ಹಣದ ಮಿತವ್ಯಯವೇ ಉದ್ದೇಶವೆಂದರೂ ಸಮಾಧಾನವಾಗದು. ಗಿಂಗ್ರಿಚ್ ಅವರ ಸ್ವಂತ ರಾಜ್ಯವಾದ ಜಾರ್ಜಿಯದಲ್ಲಿ, ಬೇರೆ ಆದಾಯವಿಲ್ಲದ ಒಬ್ಬ ತಾಯಿಗೂ ಅವಳ ಇಬ್ಬರು ಮಕ್ಕಳಿಗೂ ಒಟ್ಟು ಸೇರಿ ಸಿಗುತ್ತಿದ್ದ ಗರಿಷ್ಠ ಧನಸಹಾಯ ತಿಂಗಳಿಗೆ 280 ಡಾಲರು; ಬೆಲೆಗಳೆಲ್ಲ ಇಮ್ಮಡಿಯಾದ ಮೇಲೂ ಆ ಮೊತ್ತ ದಶಕಗಳ ಕಾಲ ಅಲ್ಲಿಯೇ ನಿಂತಿತು. ಅದೇ ತಾಯಿ ಮಕ್ಕಳನ್ನು ಸಾಕಲಾರಳೆಂದು ನ್ಯಾಯಾಲಯವು ನಿರ್ಣಯಿಸಿ ಒಂದು ಮಗುವನ್ನು ಪರರ ಪಾಲನೆಗೆ ಒಪ್ಪಿಸಿದರೆ, ಆ ಪರರಿಗೆ ಅದೊಂದೇ ಮಗುವಿನ ಖರ್ಚಿಗಾಗಿ ಅದೇ ರಾಜ್ಯವು ಇಂದು ಆ ಮೊತ್ತವನ್ನು ಮೀರಿ ಕೊಡುತ್ತದೆ. ಪಾಲಕರಿಗೆ ಕೊಡುವುದು ಹೆಚ್ಚಾಯಿತೆಂದು ನಮ್ಮ ದೂರಲ್ಲ, ಮಗುವಿಗೆ ಅಷ್ಟು ಬೇಕು. ಆದರೆ ಅಷ್ಟು ಬೇಕೆಂದು ಬಲ್ಲ ಸರ್ಕಾರವು, ಮಗು ಹೆತ್ತವಳ ಮಡಿಲಿನಲ್ಲಿರುವಷ್ಟು ಕಾಲ ಮಾತ್ರ ಅದನ್ನು ಬಲ್ಲೆನೆಂದು ಒಪ್ಪಿಕೊಳ್ಳುವುದಿಲ್ಲ. ಮಗುವಿಗೆ ಕೊಟ್ಟ ಹಣ ತಾಯಿಯನ್ನು ಕೆಡಿಸುತ್ತದೆಂದು ಹೇಳುವವರು, ಅದೇ ಹಣ ಪಾಲಕರನ್ನೇಕೆ ಕೆಡಿಸುವುದಿಲ್ಲವೆಂಬುದನ್ನು ಹೇಳಿಲ್ಲ.

1997ರ ದತ್ತು ಶಾಸನದ ಪ್ರಕಾರ, ಪರಪಾಲನೆಗೆ ಹೋದ ಮಗು ಇಪ್ಪತ್ತೆರಡು ತಿಂಗಳುಗಳಲ್ಲಿ ಹದಿನೈದು ತಿಂಗಳನ್ನು ಅಲ್ಲಿ ಕಳೆದರೆ, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ಹೆತ್ತವರ ಹಕ್ಕನ್ನೇ ಕೊನೆಗಾಣಿಸಲು ರಾಜ್ಯವು ನ್ಯಾಯಾಲಯವನ್ನು ಪ್ರಾರ್ಥಿಸತಕ್ಕದ್ದು. ದತ್ತುಗಳ ಸಂಖ್ಯೆ ಹೆಚ್ಚಿದಂತೆ ತಲೆಗೆ ನಾಲ್ಕು ಸಾವಿರ ಡಾಲರಿನಂತೆ ರಾಜ್ಯಕ್ಕೆ ಬಹುಮಾನವನ್ನೂ ಆ ಶಾಸನ ಗೊತ್ತುಪಡಿಸಿತ್ತು. ದತ್ತುಗಳು ಹೆಚ್ಚಿದವು, ದಿಟ. ಅವುಗಳಿಂದ ಸಾವಿರಾರು ಮಕ್ಕಳಿಗೆ ಒಳ್ಳೆಯದಾದದ್ದೂ ದಿಟ. ಆದರೆ ಆ ದೇಶದಲ್ಲಿ ಮಕ್ಕಳನ್ನು ಮನೆಯಿಂದ ತೆಗೆಯುವುದಕ್ಕೆ ದಾಖಲಾಗುವ ಕಾರಣಗಳಲ್ಲಿ ಅತಿ ದೊಡ್ಡದು ಹೊಡೆತವಲ್ಲ, ಅತ್ಯಾಚಾರವಲ್ಲ, 'ಅಲಕ್ಷ್ಯ'. ಇತ್ತೀಚಿನ ವರ್ಷಗಳಲ್ಲಿ ಹತ್ತರಲ್ಲಿ ಆರು ಪ್ರಕರಣಗಳಲ್ಲಿ ಈ ಪದವು ಕಾಣಿಸುತ್ತದೆ. ಈ ಪದದ ಒಳಗೆ ನಿಜವಾದ ನಿರ್ದಯತೆಯೂ ಇರಬಹುದು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದದ್ದು, ರಾತ್ರಿಪಾಳಿಗೆ ಹೋಗುವಾಗ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಹೋದದ್ದು ಸಹ ಇರಬಹುದು. ಬೇರ್ಪಡಿಸಿ ನೋಡಬೇಕಾದ ಶಾಸನವು ಗಡುವನ್ನು ಮಾತ್ರ ನೋಡಿತು. ಹೀಗಾಗಿ ಹೆತ್ತವರ ಸಂಬಂಧ ಕಡಿದುಹೋಗಿ, ದತ್ತು ತೆಗೆದುಕೊಳ್ಳುವವರೂ ದೊರೆಯದೆ, ಶಾಸನವೇ ನಿರ್ಮಿಸಿದ ಅನಾಥರ ಒಂದು ವರ್ಗ ಹುಟ್ಟಿತು. ಬಹುಕಾಲ ಪ್ರತಿವರ್ಷವೂ ಸುಮಾರು ಇಪ್ಪತ್ತು ಸಾವಿರ ತರುಣರು ಶಾಶ್ವತವಾದ ಮನೆಯೊಂದು ದೊರೆಯದೆಯೇ ಪ್ರಾಪ್ತವಯಸ್ಕರಾಗಿ ಆ ವ್ಯವಸ್ಥೆಯಿಂದ ಹೊರಬೀಳುತ್ತಿದ್ದರು.

ಈಗ ಎರಡನೆಯ ಮೆಟ್ಟಿಲು. ಧನಸಹಾಯವೇ ತಂದೆಯಿಲ್ಲದ ಮನೆಗಳನ್ನು ಹುಟ್ಟಿಸಿತೆಂಬುದು ನಿಜವಾದರೆ, ಧನಸಹಾಯ ಇಳಿದಾಗ ಅಂಥ ಮನೆಗಳು ಕಡಿಮೆಯಾಗಬೇಕಾಗಿತ್ತು. 1970ರಿಂದ 1990ರ ದಶಕದ ಮಧ್ಯದವರೆಗೆ ಆ ಸಹಾಯದ ನೈಜಮೌಲ್ಯವು ಬೆಲೆಯೇರಿಕೆಯಿಂದ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಒಂಟಿ ತಾಯಂದಿರ ಮನೆಗಳು ಹೆಚ್ಚುತ್ತಲೇ ಹೋದುವು. ಕಾರಣವು ಕುಗ್ಗುತ್ತಿರುವಾಗ ಕಾರ್ಯವು ಬೆಳೆಯುವುದು ಯಾವ ತರ್ಕಶಾಸ್ತ್ರಕ್ಕೂ ಸಮ್ಮತವಲ್ಲ. ಷಿಕಾಗೋ ನಗರದ ಬಡವಸತಿಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ಅವರು 1987ರ ತಮ್ಮ ಗ್ರಂಥದಲ್ಲಿ ಇನ್ನೊಂದು ಕಾರಣವನ್ನು ತೋರಿಸಿದ್ದರು: ಕಾರ್ಖಾನೆಗಳು ಊರು ಬಿಟ್ಟು ಹೋದ ಮೇಲೆ ಕುಟುಂಬವನ್ನು ಪೋಷಿಸಬಲ್ಲ ಸಂಬಳದ ಗಂಡಸರು ಅಲ್ಲಿ ವಿರಳರಾದರು, ಸಂಬಳವಿಲ್ಲದವನನ್ನು ಮದುವೆಯಾಗುವವರೂ ವಿರಳರಾದರು. ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನು ವಾಣಿಜ್ಯಕ್ಕೇ ನೇರವಾಗಿ ಸಂಬಂಧಿಸಿ ತೋರಿಸಿತು: ವಿದೇಶೀ ಸರಕಿನ ಪೈಪೋಟಿಯಿಂದ ಗಂಡಸರ ಕಾರ್ಖಾನೆಯ ಕೆಲಸಗಳು ಎಲ್ಲೆಲ್ಲಿ ಹೆಚ್ಚಾಗಿ ನಾಶವಾದವೋ ಅಲ್ಲಲ್ಲಿ ಮದುವೆಗಳು ಇಳಿದುವು, ಒಂಟಿ ಪೋಷಕರ ಮನೆಗಳಲ್ಲಿಯೂ ಬಡತನದಲ್ಲಿಯೂ ಬೆಳೆಯುವ ಮಕ್ಕಳ ಪ್ರಮಾಣ ಏರಿತು.

ಇಲ್ಲಿ ಈ ವಾದದ ಮರ್ಮವು ಬಯಲಾಗುತ್ತದೆ. ವಾಣಿಜ್ಯದ ಶಾಸನವೊಂದರಿಂದ ಊರಿನ ಕೂಲಿಯನ್ನು ತೆಗೆದ ಸಭೆಯೇ, ಕೂಲಿಯಿಲ್ಲದ್ದರಿಂದ ಮುರಿದ ಸಂಸಾರವನ್ನು ತಾಯಿಯ ದುಃಶೀಲಕ್ಕೆ ಸಾಕ್ಷ್ಯವೆಂದು ಎಣಿಸಿ, ಧನಸಹಾಯದ ಶಾಸನದಿಂದ ಅವಳನ್ನು ದಂಡಿಸಿ, ದಂಡದಿಂದ ಇನ್ನೂ ಬಡವಾದ ಮನೆಯನ್ನು ಮಗುವಿಗೆ ಅಯೋಗ್ಯವೆಂದು ಸಾರಿ, ದತ್ತುವಿನ ಶಾಸನದಿಂದ ಮಗುವನ್ನು ತೆಗೆಯಲು ಮುಂದಾಯಿತು. ಕೆರೆಯ ತೂಬನ್ನು ರಾತ್ರೋರಾತ್ರಿ ತೆಗೆಸಿದವನೇ ಬೆಳಗ್ಗೆ ಬಂದು, ಗದ್ದೆ ಕೊಚ್ಚಿಹೋದದ್ದಕ್ಕೆ ಬೇಸಾಯಗಾರನ ಸೋಮಾರಿತನವೇ ಕಾರಣವೆಂದು ಅವನಿಗೆ ಜುಲ್ಮಾನೆ ಹಾಕಿದರೆ ಊರವರು ಏನೆಂದಾರು?

ಹಾಗಾದರೆ ನಾವು ಮುಕ್ತವಾಣಿಜ್ಯದ ವಿರೋಧಿಗಳೋ ಎಂದು ಕೇಳಬಹುದು. ಅಲ್ಲ. ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸಗಳ ವಿನಿಮಯದಿಂದ ಎರಡು ದೇಶಗಳಿಗೂ ಲಾಭವುಂಟೆಂದು 1817ರಲ್ಲಿ ಡೇವಿಡ್ ರಿಕಾರ್ಡೋ ತೋರಿಸಿದ ಲೆಕ್ಕದಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ದೇಶಕ್ಕೆ ಲಾಭವೆಂದರೆ ದೇಶದಲ್ಲಿರುವ ಪ್ರತಿಯೊಬ್ಬನಿಗೂ ಲಾಭವೆಂದಲ್ಲ. ಈ ಇಕ್ಕಟ್ಟನ್ನು ಬಲ್ಲ ಕಾಲ್ಡರ್, ಹಿಕ್ಸ್ ಎಂಬ ಪಂಡಿತರು 1939ರಲ್ಲಿ ಒಂದು ನಿಯಮವನ್ನು ರೂಪಿಸಿದರು: ಗೆದ್ದವರ ಲಾಭವು ಸೋತವರ ನಷ್ಟವನ್ನು ತುಂಬಿಕೊಟ್ಟು ಮಿಗುವಷ್ಟಿದ್ದರೆ ಆ ಬದಲಾವಣೆ ಹಿತಕರ. ತುಂಬಿಕೊಡಬಲ್ಲಷ್ಟಿದ್ದರೆ ಸಾಕು, ತುಂಬಿಕೊಡಲೇಬೇಕೆಂದು ನಿಯಮವಿಲ್ಲ. ಶಾಸನಕರ್ತರು ಶಾಸ್ತ್ರದ ಈ ಸಾಧ್ಯತೆಯನ್ನು ತೋರಿಸಿ ಮತ ಪಡೆಯುತ್ತಾರೆ. ಮತ ಬಿದ್ದ ಮೇಲೆ ಸಾಧ್ಯತೆಯು ಸಾಧ್ಯತೆಯಾಗಿಯೇ ಉಳಿಯುತ್ತದೆ. ವಾಣಿಜ್ಯದಿಂದ ಕೆಲಸ ಕಳೆದುಕೊಂಡವರಿಗಾಗಿ 1962ರಲ್ಲಿ ಅಧ್ಯಕ್ಷ ಕೆನೆಡಿಯವರ ಕಾಲದಲ್ಲಿ ಆರಂಭವಾದ ನೆರವಿನ ಯೋಜನೆಯು ಎಂದೂ ಸಾಕಷ್ಟು ಬಲಿಯಲಿಲ್ಲ. 2022ರ ಜುಲೈ 1ರಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುವ ಅಧಿಕಾರವೇ ಅದಕ್ಕಿಲ್ಲವಾಯಿತು. ಉರುಗ್ವೆ ಸುತ್ತಿನ ಒಪ್ಪಂದ ಮಾತ್ರ ಊರ್ಜಿತವಾಗಿಯೇ ಉಳಿಯಿತು.

ನಷ್ಟವನ್ನು ತುಂಬಿಕೊಡುವುದು ಮಾರುಕಟ್ಟೆಯ ಧರ್ಮಕ್ಕೆ ವಿರುದ್ಧವೆಂದು ಹೇಳುವವರು 1995ರ ಜನವರಿಯನ್ನು ನೆನೆಯಬೇಕು. ಆ ತಿಂಗಳ 4ರಂದು 'ವೈಯಕ್ತಿಕ ಹೊಣೆಗಾರಿಕೆ'ಯ ಮಸೂದೆಯು ಪ್ರತಿನಿಧಿ ಸಭೆಯಲ್ಲಿ ಮಂಡಿತವಾಯಿತು. ಹಿಂದಿನ ಡಿಸೆಂಬರಿನಲ್ಲಿ ಮೆಕ್ಸಿಕೋ ದೇಶದ ಪೆಸೋ ನಾಣ್ಯವು ಕುಸಿದದ್ದರಿಂದ, ಆ ಹೊತ್ತಿಗೆ ಆ ದೇಶದ ಸಾಲಪತ್ರಗಳಲ್ಲಿ ಹಣ ಹೂಡಿದ್ದ ಶ್ರೀಮಂತರು ಕಂಗಾಲಾಗಿದ್ದರು. ಹೆಚ್ಚಿನ ಬಡ್ಡಿಯಾಸೆಯಿಂದ ಹೂಡಿದವರು ತಮ್ಮ ಅವಿವೇಕದ ಫಲವನ್ನು ಉಣ್ಣಲೆಂದು ಹೇಳಿದವರ ಮಾತು ನಡೆಯಲಿಲ್ಲ. ತಿಂಗಳು ಮುಗಿಯುವುದರೊಳಗೆ, ಗಿಂಗ್ರಿಚ್ ಅವರೂ ಸೇರಿದಂತೆ ಉಭಯಪಕ್ಷಗಳ ನಾಯಕರ ಸಮ್ಮತಿಯೊಡನೆ, ಅಮೆರಿಕದ ಬೊಕ್ಕಸದಿಂದ ಎರಡು ಸಾವಿರ ಕೋಟಿ ಡಾಲರುಗಳ ನೆರವು ಸಿದ್ಧವಾಯಿತು. ಇನ್ನು ಗಿಂಗ್ರಿಚ್ ಅವರ ಕ್ಷೇತ್ರಕ್ಕೆ ಭಾಗಶಃ ಸೇರಿದ ಕಾಬ್ ಕೌಂಟಿಯ ಮರಿಯೆಟ್ಟದಲ್ಲಿದ್ದ ಬಹುದೊಡ್ಡ ಉದ್ಯಮವೆಂದರೆ ಲಾಕ್‌ಹೀಡ್ ವಿಮಾನ ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದ ಸೈನ್ಯದ ವಿಮಾನಗಳಿಗೆ ಮುಖ್ಯ ಗಿರಾಕಿ ಅಮೆರಿಕದ ಸರ್ಕಾರ. ಅಗ್ಗವಾದ ಪರದೇಶದ ವಿಮಾನದ ಭಯ ಆ ಕಾರ್ಮಿಕರಿಗೆ ಇರಲಿಲ್ಲ. ತಮ್ಮ ಮತದಾರರ ಕೂಲಿಗೆ ಸರ್ಕಾರದ ಆಶ್ರಯವನ್ನು ಉಳಿಸಿಕೊಂಡು, ಪರರ ಮತದಾರರಿಗೆ ಸ್ವಾವಲಂಬನೆಯನ್ನು ಉಪದೇಶಿಸುವುದು ಸುಲಭವಾದ ಧೈರ್ಯ.

ಕೊನೆಯ ಮೆಟ್ಟಿಲು ನಿರುದ್ಯೋಗ. 2009ರ ಅಕ್ಟೋಬರಿನಲ್ಲಿ ಅಮೆರಿಕದ ನಿರುದ್ಯೋಗದ ಪ್ರಮಾಣ ನೂರಕ್ಕೆ ಹತ್ತನ್ನು ಮುಟ್ಟಿತ್ತು. ಆ ವರ್ಷದ ಮಧ್ಯದಲ್ಲಿ ಖಾಲಿಯಿದ್ದ ಪ್ರತಿಯೊಂದು ಹುದ್ದೆಗೂ ಕೆಲಸವಿಲ್ಲದವರು ಆರು ಮಂದಿಯಿದ್ದರು. ನಿರುದ್ಯೋಗಭತ್ಯದ ಅವಧಿಯನ್ನು 99 ವಾರಗಳವರೆಗೆ ವಿಸ್ತರಿಸಿದ್ದುದನ್ನು ಕುರಿತು, ಏನೂ ಮಾಡದೆ ಕುಳಿತವರಿಗೆ ಹಣ ಕೊಡುವುದೆಂದು ಗಿಂಗ್ರಿಚ್ ಅವರು 2011ರ ತಮ್ಮ ಅಧ್ಯಕ್ಷೀಯ ಚುನಾವಣಾ ಪ್ರಚಾರದಲ್ಲಿ ಆಕ್ಷೇಪಿಸಿದರು. ಬಡಕೇರಿಗಳ ಮಕ್ಕಳಿಗೆ ದುಡಿಮೆಯ ಅಭ್ಯಾಸವೇ ಇಲ್ಲವಾದ್ದರಿಂದ ಅವರನ್ನು ಶಾಲೆಯ ಕಸಗುಡಿಸುವ ಕೆಲಸಕ್ಕೆ ನಿಯಮಿಸಬಹುದೆಂದೂ, ಅದಕ್ಕೆ ಅಡ್ಡಬರುವ ಬಾಲಕಾರ್ಮಿಕ ಶಾಸನಗಳು ಮೂರ್ಖತನವೆಂದೂ ಸೇರಿಸಿದರು. ಆರು ಮಂದಿಗೂ ಅತ್ಯುತ್ತಮ ಶೀಲವನ್ನು ಅನುಗ್ರಹಿಸಿ, ಎಲ್ಲರನ್ನೂ ಸೂರ್ಯೋದಯಕ್ಕೆ ಮುಂಚೆ ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸಿದರೂ ಹುದ್ದೆ ಒಂದೇ ಆದರೆ ಐವರು ಹಿಂದಿರುಗಲೇಬೇಕು. ಯಾವನು ಉಳಿಯುತ್ತಾನೆಂಬುದನ್ನು ಶೀಲ ನಿರ್ಣಯಿಸಬಹುದು. ಎಷ್ಟು ಮಂದಿ ಹಿಂದಿರುಗುತ್ತಾರೆಂಬುದನ್ನು ಅದು ನಿರ್ಣಯಿಸಲಾರದು. ಈ ಎರಡು ಪ್ರಶ್ನೆಗಳನ್ನು ಬೆರೆಸಿದ್ದೇ ನಿರುದ್ಯೋಗದ ನೀತಿವಾದದ ಮೂಲದೋಷ.

1996ರ ಸುಧಾರಣೆಯ ಅನಂತರ ಒಂಟಿ ತಾಯಂದಿರು ಹೆಚ್ಚಾಗಿ ಕೆಲಸಕ್ಕೆ ಸೇರಿದರಲ್ಲವೆ ಎಂದು ಪ್ರತಿವಾದಿಗಳು ಕೇಳುವರು. ಸೇರಿದರು. ಆ ವರ್ಷಗಳಲ್ಲಿ ದೇಶದಲ್ಲಿ ಕೆಲಸಗಳು ಹೇರಳವಾಗಿದ್ದವು; ಕನಿಷ್ಠ ವೇತನವೂ, ದುಡಿಯುವ ಬಡವರಿಗೆ ತೆರಿಗೆಯ ಮೂಲಕ ಸಲ್ಲುವ ಸಹಾಯವೂ ಹೆಚ್ಚಿದ್ದವು. ಶಾಸನದ ಪರೀಕ್ಷೆ ಸುಭಿಕ್ಷದಲ್ಲಿ ಅಲ್ಲ, ದುರ್ಭಿಕ್ಷದಲ್ಲಿ. ಮಕ್ಕಳಿರುವ ಬಡಕುಟುಂಬಗಳು ನೂರರಲ್ಲಿ 68ಕ್ಕೆ 1996ರಲ್ಲಿ ಈ ಧನಸಹಾಯ ದೊರೆಯುತ್ತಿತ್ತು. 2020ರ ಹೊತ್ತಿಗೆ ಅದು 21ಕ್ಕೆ ಇಳಿಯಿತು. ರಾಜ್ಯಗಳಿಗೆ ಗೊತ್ತುಪಡಿಸಿದ ವಾರ್ಷಿಕ 1,650 ಕೋಟಿ ಡಾಲರು ಬೆಲೆಗಳೊಡನೆ ಏರಲಿಲ್ಲ. 2008ರ ಮಹಾಕುಸಿತದಲ್ಲಿ ಆಹಾರದ ಚೀಟಿ ಪಡೆಯುವವರು ಅಪಾರವಾಗಿ ಹೆಚ್ಚಿದಾಗಲೂ ಈ ಧನಸಹಾಯ ಪಡೆಯುವವರು ಅಲ್ಪವಾಗಿ ಮಾತ್ರ ಹೆಚ್ಚಿದರು. ಹಸಿವು ಏರಿದಾಗಲೂ ಏರಲಾರದ ನೆರವನ್ನು ಯಶಸ್ಸೆಂದು ಕರೆಯುವುದಕ್ಕೆ ಒಂದು ಬಗೆಯ ಧಾರ್ಷ್ಟ್ಯ ಬೇಕು.

ಕನ್ನಡ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಅದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. 2003ರ ಜುಲೈ 30ರಂದು ಉತ್ತರ ಕ್ಯಾರೊಲೈನದ ಕನ್ನಾಪೊಲಿಸ್ ಎಂಬ ಗಿರಣಿಯೂರಿನಲ್ಲಿ ಪಿಲ್ಲೋಟೆಕ್ಸ್ ಕಂಪನಿ ಬಾಗಿಲು ಹಾಕಿ, ಆ ರಾಜ್ಯವೊಂದರಲ್ಲಿಯೇ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. 2005ರ ಜನವರಿ 1ರಂದು ಜವಳಿಯ ಕೋಟಾಗಳು ಸಂಪೂರ್ಣ ರದ್ದಾದುವು. ಅಮೆರಿಕದ ನಷ್ಟ ನಮ್ಮ ಹೆಣ್ಣುಮಕ್ಕಳ ಲಾಭವಾಗಲಿಲ್ಲವೆ? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್‌ಗಳಲ್ಲಿ, ಹಳ್ಳಿಯಲ್ಲಿ ಕೈಗೆ ಕಾಸು ಕಾಣದಿದ್ದ ಲಕ್ಷಾಂತರ ಹೆಂಗಸರು ತಮ್ಮದೇ ಆದ ಸಂಬಳವನ್ನು ಎಣಿಸಲಿಲ್ಲವೆ? ಎಣಿಸಿದರು, ಆ ಸಂಬಳವನ್ನು ಹೀಗಳೆಯುವ ಅಧಿಕಾರ ಹೊಟ್ಟೆತುಂಬಿದ ಲೇಖಕರಿಗಿಲ್ಲ. ಆದರೆ ಮೂರು ಶಾಸನಗಳ ಹಿಂದಿರುವ ಆ ತತ್ತ್ವವು ಈ ಹೆಂಗಸರಿಗೂ ಬೇರೆ ಏನನ್ನೂ ಭರವಸೆಯಿತ್ತಿಲ್ಲ. ಕ್ಯಾರೊಲೈನದಿಂದ ಹೊರಟ ಆರ್ಡರು ಬೆಂಗಳೂರಿನಲ್ಲಿ ನಿಂತೇಬಿಡುವುದೆಂಬ ನೇಮವಿಲ್ಲ. 2020ರಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕೆಲಸಗಾರರು ಒಮ್ಮೆಗೇ ಹೊರಬಿದ್ದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು ಐವತ್ತೆಂಟನೆಯ ವಯಸ್ಸಿನವರೆಗೆ ತೆಗೆಯಬಾರದೆಂಬ ನಿಯಮದ ವಿರುದ್ಧ 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದು ಎರಡೇ ದಿನಗಳಲ್ಲಿ ಆ ನಿಯಮವನ್ನು ಹಿಂದಕ್ಕೆ ತೆಗೆಸಿದರು. ಏಕೆಂದರೆ ಕೆಲಸ ತಪ್ಪಿದ ತಿಂಗಳಿನಲ್ಲಿ ಮನೆಯ ಅಕ್ಕಿಗೂ ಮಗುವಿನ ಫೀಸಿಗೂ ಅವರಿಗಿದ್ದ ಆಧಾರ ಪಿ.ಎಫ್. ಹಣವೊಂದೇ. ಮೂವತ್ತಕ್ಕೂ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಗೃಹವಿರತಕ್ಕದ್ದೆಂದು 1948ರ ಕಾರ್ಖಾನೆ ಶಾಸನ ದಶಕಗಳ ಕಾಲ ವಿಧಿಸಿದ್ದರೂ, ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದು ಇಲ್ಲಿ ಪರರ ಮಕ್ಕಳ ಅಂಗಿ ಹೊಲಿಯುವವರು ಎಷ್ಟೋ ಮಂದಿ. ಕನ್ನಾಪೊಲಿಸ್ಸಿನ ತಾಯಿಗೂ ಕನಕಪುರದ ತಾಯಿಗೂ ವೈರವನ್ನು ಕಲ್ಪಿಸುವುದು ಈ ಪ್ರಚಲಿತ ಮತಕ್ಕೆ ಅನುಕೂಲ. ಇಬ್ಬರಿಗೂ ಒಂದೇ ವಿಧಿ ಕಾದಿದೆಯೆಂಬುದು ವಾಸ್ತವ.

ನಮ್ಮ ದೇಶದ ನ್ಯಾಯವು ಈ ವಿಷಯದಲ್ಲಿ, ಅಕ್ಷರದಲ್ಲಾದರೂ, ಹೆಚ್ಚು ವಿವೇಕಶಾಲಿಯಾಗಿದೆ. ಭಾರತದ ಮಕ್ಕಳನ್ನು ಪರದೇಶಗಳಿಗೆ ದತ್ತು ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಅವರು ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಕೊಟ್ಟ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಒಂದು ಕ್ರಮವನ್ನು ನಿರ್ದೇಶಿಸಿದರು: ಮೊದಲು ಹೆತ್ತವರ ಮನೆ, ಅದು ಸಾಧ್ಯವಾಗದಿದ್ದರೆ ದೇಶದೊಳಗಿನ ದತ್ತು, ಅದೂ ಆಗದಿದ್ದರೆ ಪರದೇಶ. 2015ರ ಬಾಲನ್ಯಾಯ ಶಾಸನವು, ಮಗುವನ್ನು ಒಪ್ಪಿಸಲು ಬಂದ ತಾಯಿತಂದೆಗಳಿಗೆ ಮರಳಿ ಯೋಚಿಸಲು ಎರಡು ತಿಂಗಳ ಅವಕಾಶವನ್ನು ಕೊಡುತ್ತದೆ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವೆಂದು ಸಾರುತ್ತದೆ. ಅಕ್ಷರದಲ್ಲಾದರೂ ಎಂದೆವು, ಯೋಚಿಸಲು ಎರಡು ತಿಂಗಳು ಕೊಟ್ಟು, ಯೋಚನೆಗೆ ಆಧಾರವಾಗಬಲ್ಲ ಕೂಲಿಯನ್ನಾಗಲಿ ಸಹಾಯವನ್ನಾಗಲಿ ಕೊಡದಿದ್ದರೆ ಆ ಅವಕಾಶವು ವಿಧಿಪೂರೈಕೆ ಮಾತ್ರವಾದೀತು. ಸಾಕಲಾರದವರು ಹೆರುವುದೇಕೆ ಎಂದು ನಮ್ಮ ನಗರಗಳ ಸುಖಾಸನಗಳಲ್ಲಿ ಈಗ ಕೇಳಿಬರುತ್ತಿರುವ ಪ್ರಶ್ನೆಯು ಗಿಂಗ್ರಿಚ್ ಅವರ ಮಸೂದೆಯ ಪೀಠಿಕೆಯೇ ಹೊರತು ಬೇರೆಯಲ್ಲ. ಪೀಠಿಕೆಗೆ ತಲೆದೂಗಿದವರು ಮುಂದಿನ ಕಲಮುಗಳಿಗೂ ತಲೆದೂಗಬೇಕಾಗುತ್ತದೆ.

ಇಷ್ಟನ್ನೂ ಕೂಡಿಸಿ ನೋಡಿದರೆ ಶಾಸನಕರ್ತರಿಂದ ನಾವು ಕೇಳಬೇಕಾದದ್ದು ಸ್ಪಷ್ಟವಾಗುತ್ತದೆ. ಸುಂಕವನ್ನು ತೆಗೆಯುವ ಮಸೂದೆಯಲ್ಲಿಯೇ, ಅದರಿಂದ ಕೆಲಸ ಕಳೆದುಕೊಳ್ಳುವವರ ಕೂಲಿಯನ್ನು ಯಾರು, ಎಷ್ಟು ಕಾಲ, ಯಾವ ಹಣದಿಂದ ತುಂಬಿಕೊಡುವರೆಂಬ ಕಲಮು ಇರತಕ್ಕದ್ದು. ಒಪ್ಪಂದವು ಊರ್ಜಿತವಾಗಿರುವಷ್ಟು ಕಾಲ ಆ ಕಲಮು ಊರ್ಜಿತವಾಗಿರತಕ್ಕದ್ದು. ಪರರ ಮನೆಯಲ್ಲಿ ಮಗುವಿನ ಪಾಲನೆಗೆ ಸರ್ಕಾರ ಕೊಡಲು ಸಿದ್ಧವಿರುವಷ್ಟು ಹಣವನ್ನು ಮೊದಲು ಹೆತ್ತ ಮನೆಗೆ ಕೊಟ್ಟು ನೋಡಿ, ಆಮೇಲೂ ಮಗುವಿಗೆ ಅಪಾಯವಿದ್ದರೆ ಮಾತ್ರ ದತ್ತುವಿನ ಮಾತನ್ನೆತ್ತತಕ್ಕದ್ದು. ಹುದ್ದೆಗಳನ್ನು ಎಣಿಸುವ ಮೊದಲು ನಿರುದ್ಯೋಗಿಯ ಶೀಲವನ್ನು ಅಳೆಯಲು ಹೊರಡತಕ್ಕದ್ದಲ್ಲ. ಇವುಗಳಲ್ಲಿ ಯಾವುದೂ ಕ್ರಾಂತಿಕಾರಕವಾದ ಬೇಡಿಕೆಯಲ್ಲ. ಮೆಕ್ಸಿಕೋದಲ್ಲಿ ಹಣ ಹೂಡಿದವರಿಗೆ ಕೆಲವೇ ವಾರಗಳಲ್ಲಿ ದೊರೆತ ದಾಕ್ಷಿಣ್ಯವನ್ನು ತಮ್ಮ ಊರಿನಲ್ಲಿ ದುಡಿಮೆ ಹೂಡಿದವರಿಗೂ ವಿಸ್ತರಿಸಿರೆಂಬ ಕೋರಿಕೆಯಷ್ಟೆ. ವಾಣಿಜ್ಯದಲ್ಲಿ ಔದಾರ್ಯವನ್ನೂ ಬಡತನದಲ್ಲಿ ಕಾಠಿಣ್ಯವನ್ನೂ ದತ್ತುವಿನಲ್ಲಿ ಕರುಣೆಯನ್ನೂ ಬೇರೆ ಬೇರೆ ದಿನಗಳಲ್ಲಿ ಪ್ರದರ್ಶಿಸಿ, ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಲು ಒಪ್ಪದ ಶಾಸನಕರ್ತರು ಯಾವ ದೇಶದವರಾದರೂ ಸರಿಯೆ, ಯಾವ ಪಕ್ಷದವರಾದರೂ ಸರಿಯೆ, ಅವರ ಕರುಣೆಯನ್ನು ಕರುಣೆಯೆಂದು ಒಪ್ಪುವ ಋಣ ನಮಗಿಲ್ಲ.